ಸೊಂಗ್‌ಕ್ರಾನ್ ತಿಂಗಳಿಡೀ ನಡೆದರೆ: ಥಾಯ್ಲೆಂಡ್‌ನಲ್ಲಿ ನೆಲೆಸಿದ ವಿದೇಶಿಯರು ಗಾಬರಿಯಾಗಿದ್ದೇಕೆ?

ಏಪ್ರಿಲ್ 13, 14, 15. ಥಾಯ್ಲೆಂಡ್‌ನ ಸರ್ಕಾರಿ ಕ್ಯಾಲೆಂಡರಿನಲ್ಲಿ, ಬೀದಿಬೀದಿಯಲ್ಲಿ ನೀರೆರಚಾಡುವ ಸಾಂಪ್ರದಾಯಿಕ ಹೊಸವರ್ಷದ ಹಬ್ಬವಾದ ಸೊಂಗ್‌ಕ್ರಾನ್‌ಗೆ ಇರುವುದು ಈ ಮೂರು ದಿನ. 2023ರ ಡಿಸೆಂಬರ್ ಆರಂಭದಲ್ಲಿ, ಆಗಿನ ಆಡಳಿತ ಪಕ್ಷ ಫ್ಯೂ ಥಾಯ್‌ನ ನಾಯಕಿ ಪೇತೊಂಗ್‌ಟಾರ್ನ್ ಶಿನಾವತ್ರ ಅವರು 2024ರ ಹಬ್ಬ ಏಪ್ರಿಲ್ ತಿಂಗಳಿಡೀ ನಡೆಯಲಿದೆ ಎಂದು ಪ್ರಕಟಿಸಿದರು. 77 ಪ್ರಾಂತ್ಯಗಳಲ್ಲೂ ಕಾರ್ಯಕ್ರಮ, ಜಗತ್ತಿನ ದೊಡ್ಡ ಹಬ್ಬಗಳ ಪಟ್ಟಿಗೆ ಸೇರುವ ಆಸೆ, 3,500 ಕೋಟಿ ಬಾತ್ ಆದಾಯದ ನಿರೀಕ್ಷೆ. ಅದೇ ವಾರ, ಡಿಸೆಂಬರ್ 6ರಂದು, ಯುನೆಸ್ಕೊ ಸೊಂಗ್‌ಕ್ರಾನ್ ಅನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸರ್ಕಾರಕ್ಕೆ ಅದಕ್ಕಿಂತ ಒಳ್ಳೆಯ ಮುಹೂರ್ತ ಬೇಕಿರಲಿಲ್ಲ.

ಪ್ರವಾಸಿಗಳಿಗೆ ಇದು ಸಿಹಿಸುದ್ದಿ. ಅಲ್ಲೇ ಮನೆ ಮಾಡಿಕೊಂಡಿರುವ ವಿದೇಶಿಯರಿಗೆ ಮಾತ್ರ ಎದೆ ಧಸಕ್ಕೆಂದಿತು. ಮೂರು ದಿನ ಒದ್ದೆಯಾಗುವುದಕ್ಕೆ ಅವರ ಅಡ್ಡಿಯಿಲ್ಲ. ಮೂವತ್ತು ದಿನ ಕೆಲಸಕ್ಕೆ, ಆಸ್ಪತ್ರೆಗೆ, ತರಕಾರಿ ಮಾರುಕಟ್ಟೆಗೆ ಹೋಗುವ ದಾರಿಯಲ್ಲೆಲ್ಲ ಯಾರೋ ಬಕೆಟ್ ಹಿಡಿದು ನಿಂತಿದ್ದರೆ ಬದುಕುವುದು ಹೇಗೆ ಎಂಬುದು ಅವರ ಪ್ರಶ್ನೆ. ಈ ಗಾಬರಿಯಲ್ಲಿ ಅರ್ಧ ತಪ್ಪು ತಿಳಿವಳಿಕೆಯಿಂದ ಬಂದದ್ದು. ಉಳಿದರ್ಧ ಅನುಭವದಿಂದ ಬಂದದ್ದು. ಎರಡನ್ನೂ ಬಿಡಿಸಿ ನೋಡಬೇಕು.

ಹಬ್ಬ ಯಾವುದು, ನೀರು ಏಕೆ

ಸೊಂಗ್‌ಕ್ರಾನ್ ಎಂದರೆ ನಮ್ಮ 'ಸಂಕ್ರಾಂತಿ'ಯೇ, ಥಾಯ್ ನಾಲಿಗೆಯಲ್ಲಿ. ಸೂರ್ಯ ಮೇಷ ರಾಶಿಗೆ ಬರುವ ದಿನ. ತುಳುನಾಡಿನಲ್ಲಿ ಬಿಸು, ಸೌರಮಾನ ಯುಗಾದಿ ಎನ್ನುವುದೂ ಇದೇ ಹೊತ್ತಿಗೆ. ಥಾಯ್ ಜೋಯಿಸರ ಹಳೆಯ ಲೆಕ್ಕ 800 ವರ್ಷಕ್ಕೆ 2,92,207 ದಿನ ಹಿಡಿಯುತ್ತದೆ. ಅಂದರೆ ಒಂದು ವರ್ಷಕ್ಕೆ 365.25875 ದಿನ. ಈ ಲೆಕ್ಕವೂ ಭಾರತದಿಂದ ಹೋದದ್ದೇ. ಇಂಗ್ಲಿಷ್ ಕ್ಯಾಲೆಂಡರಿನ ಸರಾಸರಿ ವರ್ಷ 365.2425 ದಿನವಾದ್ದರಿಂದ ಸಂಕ್ರಮಣದ ಗಳಿಗೆ ಸುಮಾರು 60 ವರ್ಷಕ್ಕೆ ಒಂದು ದಿನದಂತೆ ಮುಂದೆ ಸರಿಯುತ್ತಲೇ ಇರುತ್ತದೆ. ಸರ್ಕಾರ ಈ ಸರಿದಾಟವನ್ನು ಬದಿಗಿಟ್ಟು ರಜೆಯನ್ನು 13ರಿಂದ 15ಕ್ಕೆ ಕಟ್ಟಿಹಾಕಿದೆ. ಹಬ್ಬದ ದಿನಾಂಕವನ್ನು ಆಡಳಿತದ ಅನುಕೂಲಕ್ಕೆ ನಿಗದಿ ಮಾಡುವುದು ಅಲ್ಲಿ ಹೊಸದಲ್ಲ. 1941ರಿಂದ ಜನವರಿ 1 ಅಧಿಕೃತ ಹೊಸವರ್ಷವಾಯಿತು. ಅದಕ್ಕೂ ಮೊದಲು ಏಪ್ರಿಲ್ 1 ಇತ್ತು. ಈ ಬದಲಾವಣೆಗಾಗಿ 1940ನೇ ವರ್ಷವನ್ನು ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ, ಬರೀ 9 ತಿಂಗಳಿಗೆ ಮುಗಿಸಿಬಿಟ್ಟಿದ್ದರು.

ಮೂರು ದಿನಕ್ಕೂ ಬೇರೆ ಬೇರೆ ಹೆಸರಿದೆ. 13 ಮಹಾ ಸೊಂಗ್‌ಕ್ರಾನ್, 14 ವಾನ್ ನಾವ್, 15 ವಾನ್ ಥಲೋಂಗ್ ಸೊಕ್. ಈ ಕೊನೆಯ ದಿನ ಶಕ ಬದಲಾಗುತ್ತದೆ. 13 ಹಿರಿಯರ ದಿನ, 14 ಕುಟುಂಬದ ದಿನ ಎಂದೂ ಸರ್ಕಾರ ಘೋಷಿಸಿದೆ. ಉತ್ತರದ ಲಾನ್ನಾ ಸೀಮೆಯಲ್ಲಿ, ಎಂದರೆ ಚಿಯಾಂಗ್ ಮಾಯ್ ಸುತ್ತಮುತ್ತ, 16ಕ್ಕೆ 'ಪಾಕ್ ಪೀ' ಎನ್ನುವ ನಾಲ್ಕನೆಯ ದಿನವೂ ಉಂಟು. ಪಾಕ್ ಪೀ ಎಂದರೆ ವರ್ಷದ ಬಾಯಿ. ಹಾಗಾಗಿ ಅಲ್ಲಿ ನಾಲ್ಕು ದಿನ ನಡೆದರೆ ಅದನ್ನು ವಿಸ್ತರಣೆ ಎನ್ನುವಂತಿಲ್ಲ.

ನೀರಿನ ಮೂಲ ಒಂದು ಕಥೆಯಲ್ಲಿದೆ. ಕಪಿಲ ಬ್ರಹ್ಮ ಧರ್ಮಪಾಲನೆಂಬ ಹುಡುಗನಿಗೆ ಒಗಟು ಒಡ್ಡುತ್ತಾನೆ: ಮನುಷ್ಯನ ಸಿರಿ ಬೆಳಿಗ್ಗೆ ಎಲ್ಲಿರುತ್ತದೆ, ಮಧ್ಯಾಹ್ನ ಎಲ್ಲಿ, ಸಂಜೆ ಎಲ್ಲಿ? ಸೋತವನು ತಲೆ ಕೊಡಬೇಕು. ತಾಳೆಮರದ ಕೆಳಗೆ ಮಲಗಿದ್ದ ಹುಡುಗನಿಗೆ ಮೇಲೆ ಕೂತ ಹದ್ದಿನ ಜೋಡಿಯ ಮಾತು ಕಿವಿಗೆ ಬಿದ್ದು ಉತ್ತರ ಸಿಗುತ್ತದೆ. ಬೆಳಿಗ್ಗೆ ಮುಖದಲ್ಲಿ, ಅದಕ್ಕೇ ಜನ ಮುಖ ತೊಳೆಯುತ್ತಾರೆ. ಮಧ್ಯಾಹ್ನ ಎದೆಯಲ್ಲಿ, ಅದಕ್ಕೇ ಸುಗಂಧದ ನೀರು ಚಿಮುಕಿಸಿಕೊಳ್ಳುತ್ತಾರೆ. ಸಂಜೆ ಪಾದದಲ್ಲಿ, ಅದಕ್ಕೇ ಕಾಲು ತೊಳೆದು ಮಲಗುತ್ತಾರೆ. ಬ್ರಹ್ಮ ಸೋತ. ಅವನ ತಲೆ ನೆಲಕ್ಕೆ ಬಿದ್ದರೆ ಭೂಮಿ ಉರಿದೀತು, ಕಡಲಿಗೆ ಬಿದ್ದರೆ ಕಡಲು ಬತ್ತೀತು. ಆದ್ದರಿಂದ ಅವನ ಏಳು ಹೆಣ್ಣುಮಕ್ಕಳು ವರ್ಷಕ್ಕೊಬ್ಬರಂತೆ ಆ ತಲೆಯನ್ನು ತಟ್ಟೆಯಲ್ಲಿಟ್ಟು ಮೇರುವಿಗೆ ಸುತ್ತು ಬರುತ್ತಾರೆ. ಸಂಕ್ರಮಣ ಯಾವ ವಾರ ಬೀಳುತ್ತದೋ ಆ ವಾರದ ಮಗಳ ಸರದಿ. 2024ರಲ್ಲಿ ಶನಿವಾರ ಬಿದ್ದದ್ದರಿಂದ ನವಿಲನ್ನೇರಿದ ಮಹೋಥೊನ್ ದೇವಿಯ ಪಾಲಿಗೆ ಬಂತು.

ಈ ಕಥೆಯಲ್ಲಿ ನೀರು ಮುಖಕ್ಕೆ, ಎದೆಗೆ, ಪಾದಕ್ಕೆ ಬೀಳುವುದು ಬೊಗಸೆ ಅಳತೆಯಲ್ಲಿ. ಬುದ್ಧನ ಮೂರ್ತಿಗೆ ನೀರೆರೆಯುವ 'ಸೊಂಗ್ ನಾಮ್ ಫ್ರಾ', ಹಿರಿಯರ ಅಂಗೈಗೆ ನೀರು ಬಿಡುವ 'ರೊದ್ ನಾಮ್ ದಮ್ ಹುವಾ', ದೇವಸ್ಥಾನದ ಅಂಗಳಕ್ಕೆ ಮರಳು ಹೊತ್ತು ತಂದು ಪುಟ್ಟ ಗೋಪುರ ಕಟ್ಟುವುದು, ಇವು ಹಬ್ಬದ ಬುಡ. ಯುನೆಸ್ಕೊ ಮನ್ನಣೆಯಲ್ಲೂ ಮೊದಲು ಬರುವುದು ಇವೇ. ಬೀದಿಯ ನೀರೆರಚಾಟ ಇವುಗಳ ಮೇಲೆ ಬೆಳೆದ ಕೊಂಬೆ. ಈಗ ಆ ಕೊಂಬೆಯೇ ಮರಕ್ಕಿಂತ ದೊಡ್ಡದಾಗಿ ಕಾಣುತ್ತಿದೆ.

'ವಿಸ್ತರಣೆ' ಎಂದಾಗ ಏನನ್ನು?

ಇಡೀ ಗೊಂದಲದ ಗಂಟು ಇರುವುದು ಇಲ್ಲಿ. ಹಬ್ಬವನ್ನು ಉದ್ದ ಮಾಡುತ್ತೇವೆ ಎಂದಾಗ ಮೂರು ಬೇರೆ ಬೇರೆ ಸಂಗತಿಗಳು ಉದ್ದವಾಗಬಹುದು: ರಜೆ, ಕಾರ್ಯಕ್ರಮ, ನೀರಾಟ. ಮೂರಕ್ಕೂ ಯಜಮಾನರು ಬೇರೆ, ಪರಿಣಾಮವೂ ಬೇರೆ.

ರಜೆಯನ್ನು ಹೆಚ್ಚಿಸುವುದು ಸಚಿವ ಸಂಪುಟ. 2024ರಲ್ಲಿ ಏಪ್ರಿಲ್ 12 ಅನ್ನು ವಿಶೇಷ ರಜೆ ಮಾಡಿ, ವಾರಾಂತ್ಯಕ್ಕೆ ಬಿದ್ದ ದಿನಗಳ ಬದಲಿಗೆ 16ರ ರಜೆಯನ್ನೂ ಸೇರಿಸಿ, 12ರಿಂದ 16ರವರೆಗೆ ಐದು ದಿನ ಒಟ್ಟಿಗೆ ಸಿಗುವಂತೆ ಮಾಡಿದರು. ಆದರೆ ಸಂಪುಟ ಕೊಡುವ ವಿಶೇಷ ರಜೆ ಸರ್ಕಾರಿ ಕಚೇರಿಗಳನ್ನು ಮುಚ್ಚಿಸುತ್ತದೆಯೇ ಹೊರತು ಖಾಸಗಿ ಮಾಲೀಕರನ್ನು ಕಟ್ಟಿಹಾಕುವುದಿಲ್ಲ. 1998ರ ಕಾರ್ಮಿಕ ರಕ್ಷಣಾ ಕಾಯ್ದೆಯ ಪ್ರಕಾರ ಖಾಸಗಿ ಸಂಸ್ಥೆ ವರ್ಷಕ್ಕೆ ಕನಿಷ್ಠ 13 ಹಬ್ಬದ ರಜೆ ಕೊಡಬೇಕು. ಯಾವ ದಿನಗಳು ಎಂಬುದನ್ನು ಅದೇ ಮುಂಚಿತವಾಗಿ ಪ್ರಕಟಿಸುತ್ತದೆ. ರಜೆಯ ದಿನ ತಿಂಗಳ ಸಂಬಳದವರನ್ನು ದುಡಿಸಿಕೊಂಡರೆ ಆ ದಿನದ ಸಂಬಳದಷ್ಟೇ ಮತ್ತೊಂದು ಪಾಲು, ಹೆಚ್ಚುವರಿ ಗಂಟೆಗಳಿಗೆ ಮೂರು ಪಟ್ಟು. ಥಾಯ್ಲೆಂಡ್‌ನಲ್ಲಿ ಹೋಟೆಲು, ಅಂಗಡಿ, ಡೈವಿಂಗ್ ಶಾಲೆ ನಡೆಸುವ ವಿದೇಶಿಯರಿಗೆ 'ಹಬ್ಬ ವಿಸ್ತರಣೆ' ಎಂಬ ಮಾತು ಕೇಳಿದೊಡನೆ ನೆನಪಾದದ್ದು ಈ ಲೆಕ್ಕ. ಅವರ ಕೆಲಸಗಾರರಲ್ಲಿ ಹೆಚ್ಚಿನವರು ಈಸಾನ್ ಎಂಬ ಈಶಾನ್ಯ ಸೀಮೆಯವರು. ಸೊಂಗ್‌ಕ್ರಾನ್‌ಗೆ ಊರಿಗೆ ಹೋಗದೆ ಇರುವವರಲ್ಲ. ಪ್ರವಾಸಿಗಳು ತುಂಬಿರುವ ವಾರದಲ್ಲೇ ಅಡುಗೆಯವರಿಲ್ಲ ಎಂದು ಬಾಗಿಲು ಹಾಕುವ ಹೋಟೆಲುಗಳು ಪ್ರತಿ ವರ್ಷ ಕಾಣುತ್ತವೆ.

ಎರಡನೆಯದು ಕಾರ್ಯಕ್ರಮ: ಮೆರವಣಿಗೆ, ಸಂಗೀತ, ಆಹಾರ ಮೇಳ, ಡ್ರೋನ್ ಪ್ರದರ್ಶನ. ಇದು ಪ್ರವಾಸೋದ್ಯಮ ಪ್ರಾಧಿಕಾರ ಮತ್ತು ಆಯಾ ಪ್ರಾಂತ್ಯದ ಕೆಲಸ. ಟೀಕೆ ಬಂದ ಮೇಲೆ ಪೇತೊಂಗ್‌ಟಾರ್ನ್ ಮತ್ತು ಆಗಿನ ಪ್ರಧಾನಿ ಸ್ರೆತ್ತಾ ಥಾವಿಸಿನ್ ಅವರ ಸರ್ಕಾರ ಸ್ಪಷ್ಟಪಡಿಸಿದ್ದು ಇದನ್ನೇ. ತಿಂಗಳಿಡೀ ನೀರೆರಚುವುದಿಲ್ಲ, ಬೇರೆ ಬೇರೆ ಪ್ರಾಂತ್ಯದ ಬೇರೆ ಬೇರೆ ಕಾರ್ಯಕ್ರಮಗಳನ್ನು ಒಂದು ತಿಂಗಳ ಪಟ್ಟಿಯಲ್ಲಿ ಪೋಣಿಸುತ್ತೇವೆ, ನೀರಾಟ ಎಂದಿನ ದಿನಗಳಿಗೇ ಸೀಮಿತ ಎಂದರು. ಆಮೇಲೆ ಆ ತಿಂಗಳೂ 21 ದಿನಕ್ಕೆ ಇಳಿಯಿತು. ಬ್ಯಾಂಕಾಕ್‌ನ ಸನಾಮ್ ಲುವಾಂಗ್ ಮೈದಾನ ಮತ್ತು ರಾಚದಮ್ನೋನ್ ರಸ್ತೆಯಲ್ಲಿ ನಡೆದ ಮುಖ್ಯ ಉತ್ಸವ ಏಪ್ರಿಲ್ 11ರಿಂದ 15ರವರೆಗೆ, ಐದು ದಿನ.

ಮೂರನೆಯದು ನೀರಾಟ. ವಿದೇಶಿಯರು ಹೆದರಿದ್ದು ಇದಕ್ಕೆ. ಇದನ್ನು ಯಾವ ಸರ್ಕಾರಿ ಆದೇಶವೂ ಪೂರ್ತಿ ಆಳುವುದಿಲ್ಲ. ಪ್ರಾಂತ್ಯದ ಗವರ್ನರ್, ನಗರಸಭೆ, ಪೊಲೀಸರು ವಲಯ ಮತ್ತು ಸಮಯ ಗೊತ್ತುಮಾಡುತ್ತಾರೆ, ರಸ್ತೆ ಮುಚ್ಚುತ್ತಾರೆ, ಹೆಚ್ಚು ಒತ್ತಡದ ಪೈಪು ಪಿಚಕಾರಿಗಳನ್ನು ನಿಷೇಧಿಸುತ್ತಾರೆ. ಆದರೆ ಬೀದಿಬದಿಯಲ್ಲಿ ಡ್ರಮ್ಮು, ಮಗ್ಗು ಇಟ್ಟುಕೊಂಡು ಕೂತವರಿಗೆ ಹಬ್ಬ ಶುರುವಾಯಿತು ಎನಿಸಿದರೆ ಶುರುವಾಯಿತು. ಸರ್ಕಾರವೇ ಏಪ್ರಿಲ್ 1ರಿಂದ ಹಬ್ಬ ಎಂದು ಜಾಹೀರಾತು ಕೊಟ್ಟ ಮೇಲೆ, 5ನೇ ತಾರೀಖು ಬಾರಿನ ಮುಂದೆ ನೀರೆರಚುವವನಿಗೆ ಇನ್ನೂ ಹೊತ್ತಾಗಿಲ್ಲ ಎಂದು ಹೇಳುವವರು ಯಾರು? ಸರ್ಕಾರದ ಸ್ಪಷ್ಟೀಕರಣ ಬಂದ ಮೇಲೂ ಈ ಆತಂಕ ತಣ್ಣಗಾಗಲಿಲ್ಲ, ಮತ್ತು ನಮ್ಮ ದೃಷ್ಟಿಯಲ್ಲಿ ಅದು ನ್ಯಾಯವಾದ ಆತಂಕ.

ಪಟ್ಟಾಯ: ಉದ್ದದ ಸೊಂಗ್‌ಕ್ರಾನ್ ಈಗಾಗಲೇ ಇರುವ ಊರು

ಪಟ್ಟಾಯದವರು ಊಹೆಯ ಮೇಲೆ ಮಾತಾಡಲಿಲ್ಲ. ಆ ಊರಿರುವ ಚೋನ್‌ಬುರಿ ಪ್ರಾಂತ್ಯದಲ್ಲಿ 'ವಾನ್ ಲಾಯ್' ಎಂಬ ಹಳೆಯ ಪದ್ಧತಿ ಇದೆ. ಲಾಯ್ ಎಂದರೆ ಹರಿಯುವುದು. ನೀರಿನಲ್ಲಿ ಕೊಚ್ಚಿಹೋದ ಮರಳನ್ನು ಮತ್ತೆ ತಂದು ಗೋಪುರ ಕಟ್ಟುವ ಆಚರಣೆಯೊಂದಿಗೆ ಬಂದ ಹೆಸರು. ಊರೂರಿಗೆ ದಿನ ಬೇರೆ. ಬಾಂಗ್ ಸೇನ್‌ನಲ್ಲಿ 16 ಮತ್ತು 17, ನಾಕ್ಲುವಾದಲ್ಲಿ 18, ಪಟ್ಟಾಯ ನಗರದಲ್ಲಿ 19. ನಮ್ಮಲ್ಲಿ ಊರೂರ ಜಾತ್ರೆಗಳು ಒಂದರ ಹಿಂದೆ ಒಂದು ಬರುವ ಹಾಗೆ. ಒಂದೂರಿನವರು ಇನ್ನೊಂದೂರಿಗೆ ಹೋಗಿ ಆಡಿ ಬರಲಿ ಎನ್ನುವ ಕಾಲಕ್ಕೆ ಅದು ಸೊಗಸು. ಈಗ ಮಾತ್ರ ಬಾರುಗಳ ಬೀದಿಗಳಲ್ಲಿ 12ಕ್ಕೋ 13ಕ್ಕೋ ಶುರುವಾದ ನೀರು 19ರ ಸಂಜೆಯವರೆಗೆ ನಿಲ್ಲುವುದಿಲ್ಲ. 19ರಂದು ಬೀಚ್ ರೋಡ್ ಪೂರ್ತಿ ಬಂದ್. ಒಂದು ವಾರವೇ ಇಷ್ಟಾದರೆ ತಿಂಗಳು ಹೇಗೆ ಎಂದು ಅವರು ಕೇಳುವುದಕ್ಕೆ ಆಧಾರವಿದೆ.

ಅಲ್ಲಿ ನೆಲೆಸಿದವರು ಯಾರು ಎಂಬುದನ್ನೂ ನೋಡಬೇಕು. ಥಾಯ್ಲೆಂಡ್‌ನ ನಿವೃತ್ತಿ ವೀಸಾಕ್ಕೆ 50 ವರ್ಷ ತುಂಬಿರಬೇಕು, ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇರಬೇಕು ಇಲ್ಲವೆ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಪಟ್ಟಾಯದ ವಿದೇಶಿಯರಲ್ಲಿ ಇಂಥವರು ದಂಡಿಯಾಗಿದ್ದಾರೆ. ಅರವತ್ತೈದು ದಾಟಿದ, ಮಂಡಿ ನೋವಿರುವ ಮನುಷ್ಯನಿಗೆ ಬೆನ್ನ ಹಿಂದಿನಿಂದ ಒಮ್ಮೆಲೇ ಐಸ್ ನೀರು ಬಿದ್ದು, ನೆಲದ ಮೇಲೆ ಹಬ್ಬದಲ್ಲಿ ಕೆನ್ನೆಗೆ ಸವರುವ ಸುಣ್ಣದ ಕೆಸರಿನಂಥ ಪುಡಿ ಹರಡಿದ್ದರೆ ಜಾರಿ ಬೀಳಲು ಇನ್ನೇನು ಬೇಕು? ಇವರಲ್ಲಿ ಅನೇಕರು ಆ ವಾರಕ್ಕೆ ಊರು ಬಿಡುತ್ತಾರೆ. ಕಾಂಬೋಡಿಯಾ, ಲಾವೋಸ್, ಮ್ಯಾನ್ಮಾರ್‌ಗೆ ಹೋಗಿ ಪ್ರಯೋಜನವಿಲ್ಲ, ಅಲ್ಲೂ ಅದೇ ಹಬ್ಬ. ವಿಯೆಟ್ನಾಮೋ ಮಲೇಷ್ಯಾವೋ ಆಗಬೇಕು. ವಾರಕ್ಕೆ ಊರು ಬಿಡುವ ಖರ್ಚು ತಡೆದೀತು, ತಿಂಗಳಿಗೆ ಆಗದು.

ಎಲ್ಲರೂ ಹೀಗೇ ಹೇಳಿದರೆಂದಲ್ಲ. ಬಾರು, ಗೆಸ್ಟ್‌ಹೌಸ್ ನಡೆಸುವ ವಿದೇಶಿಯರಲ್ಲಿ ಕೆಲವರಿಗೆ ಇದು ದುಡಿಮೆಯ ಕಾಲ. ಏಪ್ರಿಲ್ ಮಧ್ಯದ ನಂತರ ಮಳೆಗಾಲ ಮುಗಿಯುವವರೆಗೆ ವ್ಯಾಪಾರ ಬೀಳುವುದರಿಂದ ಹಬ್ಬ ಸ್ವಲ್ಪ ಉದ್ದವಾಗಲಿ ಎಂದವರುಂಟು. ಥಾಯ್ ಸಂಗಾತಿಯ ಊರಾದ ಈಸಾನ್ ಹಳ್ಳಿಯಲ್ಲಿ ಇರುವವರು ಈ ಚರ್ಚೆಯಲ್ಲಿ ಬಿಸಿಯಾಗಲೇ ಇಲ್ಲ. ಅಲ್ಲಿ ನೆಂಟರು ಬಸ್ಸು ಹತ್ತಿ ನಗರಕ್ಕೆ ವಾಪಸಾದ ಕೂಡಲೇ ಹಬ್ಬ ತಾನಾಗಿ ಮುಗಿಯುತ್ತದೆ, ಸರ್ಕಾರ ಏನೇ ಹೇಳಲಿ. ಫುಕೆಟ್‌ನಲ್ಲಿ ಬೀದಿಯ ನೀರಾಟ ಮುಖ್ಯವಾಗಿ 13ನೇ ತಾರೀಖು ಒಂದೇ ದಿನ. ಬ್ಯಾಂಕಾಕ್‌ನಲ್ಲಿ ಖಾವ್ ಸಾನ್ ಮತ್ತು ಸಿಲೊಮ್ ರಸ್ತೆಗಳನ್ನು ಬಿಟ್ಟು ಬೇರೆ ಬಡಾವಣೆಯಲ್ಲಿದ್ದರೆ ಜನ ಊರಿಗೆ ಹೋಗಿ ಖಾಲಿಯಾದ ರಸ್ತೆಗಳು ವರ್ಷದಲ್ಲೇ ಅಪರೂಪದ ಸುಖ. ಇಂಥವರಿಗೆ ಪಟ್ಟಾಯದವರ ಗಾಬರಿ ಅತಿ ಎನಿಸಿತು.

ಚಿಯಾಂಗ್ ಮಾಯ್‌ನವರ ಕೊರಗು ಬೇರೆ. ಅಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಕಾಡು ಮತ್ತು ಹೊಲದ ಬೆಂಕಿಯ ಹೊಗೆ ಕಣಿವೆಯಲ್ಲಿ ನಿಂತುಬಿಡುತ್ತದೆ. ಉಸಿರಾಟದ ತೊಂದರೆ ಇರುವವರು ಆ ತಿಂಗಳುಗಳಲ್ಲಿ ಊರಲ್ಲೇ ಇರುವುದಿಲ್ಲ. ಮಾಸ್ಕ್ ಹಾಕಿಕೊಂಡವರ ಮೇಲೆ ನೀರು ಬಿದ್ದರೆ ಮಾಸ್ಕ್ ಕೆಲಸಕ್ಕೆ ಬರದು. ಹೊಗೆಯ ತಿಂಗಳನ್ನೇ ಹಬ್ಬದ ತಿಂಗಳೆಂದು ಜಗತ್ತಿಗೆ ಸಾರುವ ಮೊದಲು ಹೊಗೆಯನ್ನು ನೋಡಿಕೊಳ್ಳಿ ಎಂಬ ಅವರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ.

ರಸ್ತೆ

ಇಡೀ ಚರ್ಚೆಯಲ್ಲಿ ತೂಕದ ವಿಷಯ ಇದೊಂದೇ ಎಂದರೂ ಸಲ್ಲುತ್ತದೆ. ಥಾಯ್ ಅಧಿಕಾರಿಗಳು ಏಪ್ರಿಲ್ 11ರಿಂದ 17ರವರೆಗಿನ ವಾರಕ್ಕೆ 'ಏಳು ಅಪಾಯದ ದಿನಗಳು' ಎಂದೇ ಹೆಸರಿಟ್ಟಿದ್ದಾರೆ. ಆ ಏಳು ದಿನಗಳಲ್ಲಿ 2023ರಲ್ಲಿ 264 ಮಂದಿ, 2024ರಲ್ಲಿ 287 ಮಂದಿ ರಸ್ತೆಯಲ್ಲಿ ಸತ್ತರು. ಅಪಘಾತಗಳಲ್ಲಿ ಹತ್ತಕ್ಕೆ ಎಂಟು ಪಾಲು ಮೋಟಾರ್ ಸೈಕಲ್ಲಿನವು. ಮುಖ್ಯ ಕಾರಣ ವೇಗ ಮತ್ತು ಕುಡಿತ. ಒಂದು ಎಚ್ಚರ ಬೇಕು: ಥಾಯ್ ರಸ್ತೆಗಳಲ್ಲಿ ಉಳಿದ ದಿನಗಳೂ ಸುರಕ್ಷಿತವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ವರ್ಷಕ್ಕೆ ಸುಮಾರು 18,000 ಸಾವು, ಅಂದರೆ ದಿನಕ್ಕೆ 50ರ ಹತ್ತಿರ. ಎಣಿಸುವ ಕ್ರಮ ಬೇರೆಯಾದ್ದರಿಂದ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ. ಆದರೆ ಏಳು ದಿನ ಹಗಲೂ ರಾತ್ರಿ ತಪಾಸಣಾ ಠಾಣೆ ಹಾಕಿ, ಊರೂರಿನ ಸ್ವಯಂಸೇವಕರನ್ನು ನಿಲ್ಲಿಸಿದಾಗಲೂ ಇಷ್ಟು ಜೀವ ಹೋಗುತ್ತವೆ. ಅದೇ ಕಾವಲನ್ನು 30 ದಿನ ಇಡಲು ಯಾವ ಪೊಲೀಸ್ ಪಡೆಗೂ ಆಗದು. 2017ರಲ್ಲಿ ಪಿಕಪ್ ಗಾಡಿಯ ಹಿಂಬದಿಯ ತೆರೆದ ಜಾಗದಲ್ಲಿ ಜನ ಕೂರಬಾರದೆಂದು ಸರ್ಕಾರ ಹೊರಟಿತ್ತು. ಸೊಂಗ್‌ಕ್ರಾನ್‌ಗೆ ಊರಿಗೆ ಹೋಗುವುದು ಹೇಗೆ ಎಂದು ಜನ ಸಿಟ್ಟಿಗೆದ್ದು, ಹಬ್ಬ ಮುಗಿಯುವವರೆಗೆ ಸಡಿಲಿಸಬೇಕಾಯಿತು.

ನೀರು ಬೈಕಿನವನಿಗೆ ಏನು ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಿ. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ 11 ಮೀಟರ್. ಅರ್ಧ ಬಕೆಟ್ ಎಂದರೆ 5 ಲೀಟರ್, ತೂಕ 5 ಕೆ.ಜಿ. ಎದುರಿನಿಂದ ಎರಚಿದರೆ ಬೈಕಿನ ವೇಗಕ್ಕೆ ನೀರಿನ ವೇಗವೂ ಸೇರಿ ಎದೆಗೆ, ಮುಖಕ್ಕೆ ಬಡಿಯುತ್ತದೆ. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಒಂದು ಸೆಕೆಂಡ್ ಕಣ್ಣು ಮುಚ್ಚಿದರೆ 11 ಮೀಟರ್ ಕುರುಡಾಗಿ ಹೋದಂತೆ. ಬೆಚ್ಚಿದ ಕೈ ಮುಂದಿನ ಬ್ರೇಕನ್ನು ಹಿಡಿದುಬಿಡುತ್ತದೆ. ಕೆಳಗೆ ನೀರು, ಅದರ ಮೇಲೆ ಬಿಳಿ ಪುಡಿ. ಮುಂದಿನ ಚಕ್ರ ಜಾರಿತೆಂದರೆ ಬೀಳುವುದಕ್ಕೆ ಮುಂಚೆ ಎಣಿಸಲು ಹೊತ್ತಿರುವುದಿಲ್ಲ. ನಿಂತಿರುವವರ ಮೇಲೆ ಸುರಿದರೆ ಆಟ, ಓಡುವ ಬೈಕಿಗೆ ಎರಚಿದರೆ ಅಪಘಾತ. ಹಬ್ಬವನ್ನು ಪ್ರೀತಿಸುವ ವಿದೇಶಿಯರೂ ಥಾಯ್ ಜನರೂ ಒಮ್ಮತದಿಂದ ಬೇಡ ಎನ್ನುವುದು ಇದನ್ನು.

ಆ ಬಿಳಿ ಪುಡಿ 'ದಿನ್ ಸೊ ಫೋಂಗ್'. ಲೋಪ್‌ಬುರಿಯ ಸುಣ್ಣದಂಶದ ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಗಟ್ಟಿಯಾದ ಮೇಲೆ ಚಿಕ್ಕ ಬಿಲ್ಲೆಗಳಾಗಿ ಬಿಸಿಲಿಗೆ ಒಣಗಿಸುತ್ತಾರೆ. ಬೆವರುಸಾಲೆಗೆ ಹಚ್ಚುವ ಹಳೆಯ ಮದ್ದು; ನೀರಲ್ಲಿ ಕಲಸಿ ಕೆನ್ನೆಗೆ ಸವರಿದರೆ ಏಪ್ರಿಲ್ ಬಿಸಿಲಿನಲ್ಲಿ ತಂಪು. ಕಣ್ಣಿಗೆ ಹೋದರೆ ಮಾತ್ರ ಉರಿ ತಡೆಯಲಾಗದು, ಉಜ್ಜಿದರೆ ಕಣ್ಣಿನ ಮೇಲ್ಪದರ ಗೀರುತ್ತದೆ. ಬಾಟಲಿಯ ಶುದ್ಧ ನೀರನ್ನು ಧಾರೆಯಾಗಿ ಬಿಟ್ಟು ತೊಳೆಯುವುದೊಂದೇ ದಾರಿ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ನೀರಾಟಕ್ಕೆ ಇಳಿಯಲೇಬಾರದು. ಚಿಯಾಂಗ್ ಮಾಯ್‌ನಲ್ಲಿ ಎರಚುವ ನೀರು ಹೆಚ್ಚಾಗಿ ಕೋಟೆಯ ಕಂದಕದ್ದು. ಲೆನ್ಸಿನಡಿ ಸಿಕ್ಕ ಕೊಳಕು ನೀರಿನಿಂದ ದೃಷ್ಟಿಗೇ ಕುತ್ತು ತರುವ ಸೋಂಕು ಬರಬಹುದು.

ನೀರಿನ ಲೆಕ್ಕ

ಏಪ್ರಿಲ್ ಎಂದರೆ ಅಲ್ಲಿ ಬೇಸಿಗೆಯ ತುದಿ, 40 ಡಿಗ್ರಿ ಮುಟ್ಟುವ ಕಾಲ, ಮಳೆಗೆ ಇನ್ನೂ ಒಂದು ತಿಂಗಳು. ಪಿಕಪ್ ಗಾಡಿಯಲ್ಲಿ ಇಟ್ಟುಕೊಳ್ಳುವ ಡ್ರಮ್ಮು 200 ಲೀಟರಿನದು. ಆಟ ಬಿರುಸಾದರೆ ಒಂದು ಗಂಟೆಯೊಳಗೆ ಖಾಲಿಯಾಗಿ ಮತ್ತೆ ತುಂಬಿಸಬೇಕು. ದಿನಕ್ಕೆ ಐದು ಸಲ ತುಂಬಿಸಿದರೆ ಒಂದು ಗಾಡಿಗೆ 1,000 ಲೀಟರ್. 2016ರ ಕಡುಬರದಲ್ಲಿ ಬ್ಯಾಂಕಾಕ್ ಆಡಳಿತ ನೀರಾಟವನ್ನು ಮೂರು ದಿನಕ್ಕೆ ಇಳಿಸಿ, ರಾತ್ರಿ 9ಕ್ಕೆ ನಿಲ್ಲಿಸಲು ಹೇಳಿತ್ತು. ಆಗ ಹಬ್ಬ ಕುಗ್ಗಿದ್ದಕ್ಕೆ ದೊಡ್ಡ ಗಲಾಟೆಯೇನೂ ಆಗಲಿಲ್ಲ. 2020ರಲ್ಲಿ ಕೊರೊನಾ ಕಾರಣಕ್ಕೆ ಸೊಂಗ್‌ಕ್ರಾನ್ ರಜೆಗಳನ್ನೇ ಜುಲೈ ಮತ್ತು ಸೆಪ್ಟೆಂಬರಿಗೆ ಒಯ್ದಿದ್ದರು. ರಜೆ ಸಿಕ್ಕಿತು, ನೀರು ಬೀಳಲಿಲ್ಲ. ರಜೆಯೂ ನೀರಾಟವೂ ಬೇರೆ ಬೇರೆ ಎಂಬುದು ಅಷ್ಟು ಸ್ಪಷ್ಟವಾಗಿ ಕಂಡದ್ದು ಆ ವರ್ಷವೇ.

ಅಲ್ಲಿ ಇರುವವರು, ಹೋಗುವವರು ಮಾಡಬೇಕಾದದ್ದು

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನವಿದೆ, 2023ರ ನವೆಂಬರ್ 10ರಿಂದ ಭಾರತೀಯರಿಗೆ ವೀಸಾ ವಿನಾಯಿತಿಯೂ ಶುರುವಾಯಿತು, ಏಪ್ರಿಲ್‌ನಲ್ಲಿ ನಮ್ಮ ಶಾಲೆಗಳಿಗೆ ರಜೆ. ಹೀಗಾಗಿ ಕನ್ನಡದ ಕುಟುಂಬಗಳು ಈ ಹಬ್ಬಕ್ಕೆ ಹೋಗುವುದುಂಟು. ಓಕುಳಿ ಆಡಿದವರಿಗೆ ಇದು ಹೊಸದೆನಿಸದು. ಹೊರಡುವ ಮುನ್ನ ಪ್ರವೇಶದ ನಿಯಮವನ್ನು ಹೊಸದಾಗಿ ನೋಡಿಕೊಳ್ಳಬೇಕು, ಅದು ಬದಲಾಗುತ್ತಿರುತ್ತದೆ.

ಬಟ್ಟೆ ಒದ್ದೆಯಾಗದೆ ಓಡಾಡಬೇಕಾದವರಿಗೆ ಬೆಳಿಗ್ಗೆ 6ರಿಂದ 9 ಒಳ್ಳೆಯ ಸಮಯ. 10ರ ನಂತರ ಬೀದಿ ನೀರಿನದು. ಎರಡೂ ಬದಿ ತೆರೆದಿರುವ ಸೊಂಗ್‌ಥಾವ್ ಗಾಡಿಯಲ್ಲಿ ಕೂತರೆ ನೆನೆಯದೆ ಇಳಿಯಲಾಗದು, ಬಾಗಿಲಿರುವ ಟ್ಯಾಕ್ಸಿ ಹಿಡಿಯಬೇಕು. ಬೈಕನ್ನು ಆ ದಿನಗಳಲ್ಲಿ ಮನೆಯಲ್ಲೇ ಬಿಡುವುದು ಉತ್ತಮ. ಬಿಡಲಾಗದಿದ್ದರೆ ಮುಖಮುಚ್ಚುವ ಗಾಜಿನ ಹೆಲ್ಮೆಟ್, ಗುಂಪು ಕಂಡಲ್ಲಿ ನಡಿಗೆಯ ವೇಗ. ಫೋನಿಗೆ ಬೀದಿಯಲ್ಲಿ ಮಾರುವ ಪ್ಲಾಸ್ಟಿಕ್ ಚೀಲ ಸಾಕು, ಆದರೆ ಮೊದಲು ಒಳಗೆ ಒಂದು ಟಿಶ್ಯೂ ಕಾಗದ ಇಟ್ಟು 10 ನಿಮಿಷ ನೀರಲ್ಲಿ ಮುಳುಗಿಸಿ ನೋಡಿ. ಸೋರುವ ಚೀಲಗಳು ಹೆಚ್ಚಾಗಿ ಬಾಯಿಯ ಕ್ಲಿಪ್ಪಿನ ಮೂಲೆಯಲ್ಲಿ ಸೋರುತ್ತವೆ. ಫೋನು ನೆನೆದರೆ ಪೂರ್ತಿ ಒಣಗುವ ತನಕ ಚಾರ್ಜಿಗೆ ಹಾಕಬೇಡಿ. ಪಾಸ್‌ಪೋರ್ಟ್ ಕೋಣೆಯಲ್ಲಿರಲಿ, ಜೇಬಿನಲ್ಲಿ ಅದರ ನಕಲು.

ಕಾಗದಪತ್ರದ ವಿಷಯದಲ್ಲಿ ಉದ್ದನೆಯ ರಜೆ ನಿಜವಾಗಿ ಕಚ್ಚುತ್ತದೆ. ದೀರ್ಘಾವಧಿ ವೀಸಾದಲ್ಲಿರುವವರು 90 ದಿನಕ್ಕೊಮ್ಮೆ ವಿಳಾಸ ವರದಿ ಕೊಡಬೇಕು. ಗಡುವಿಗೆ 15 ದಿನ ಮುಂಚಿನಿಂದ 7 ದಿನ ನಂತರದವರೆಗೆ ಕೊಡಲು ಅವಕಾಶವಿದೆ, ಅದೂ ದಾಟಿದರೆ 2,000 ಬಾತ್ ದಂಡ. ವೀಸಾ ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾತ್, ಗರಿಷ್ಠ 20,000. ಗಡುವು ಏಪ್ರಿಲ್ ಎರಡನೇ ವಾರದಲ್ಲಿ ಬಿದ್ದರೆ ತಿಂಗಳ ಮೊದಲ ವಾರದಲ್ಲೇ ಮುಗಿಸಬೇಕು. ರಜೆಗೆ ಮುಂಚಿನ ಕೊನೆಯ ದಿನ ವಲಸೆ ಕಚೇರಿಯ ಸಾಲು ಬೀದಿಗೆ ಬಂದಿರುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆ ಹತ್ತು ದಿನಕ್ಕಾಗುವಷ್ಟು ಇಟ್ಟುಕೊಳ್ಳಿ. ಪರಿಚಯದ ಸಣ್ಣ ಔಷಧದಂಗಡಿಯವನೂ ಊರಿಗೆ ಹೋಗಿರುತ್ತಾನೆ.

ಹಬ್ಬ ಎಷ್ಟು ದಿನ ಇರಬೇಕೆಂದು ಅಲ್ಲಿನ ಜನರೇ ತೀರ್ಮಾನಿಸಲಿ, ವಿದೇಶಿಯರಿಗೆ ಅದರಲ್ಲಿ ಮಾತಿಲ್ಲ ಎನ್ನುವವರೂ ಇದ್ದಾರೆ. ಆ ಮಾತು ಅರ್ಧ ಸರಿ. ಹಬ್ಬ ಅವರದು. ಆದರೆ ತಿಂಗಳ ಯೋಜನೆಯ ಬಗ್ಗೆ ಬಾಡಿಗೆ ಬೈಕಿನವರು, ದಾದಿಯರು, ಬೀದಿ ವ್ಯಾಪಾರಿಗಳಾದ ಥಾಯ್ ಜನರೂ ಇದೇ ಪ್ರಶ್ನೆ ಎತ್ತಿದರು. ರಸ್ತೆಯ ಮೇಲೆ ಬದುಕುವವರಿಗೆಲ್ಲ ಬಕೆಟ್ಟಿನ ನೀರು ಒಂದೇ ತೂಕ.

ತಿಂಗಳಿಡೀ ನಡೆದರೂ ಯಾರಿಗೂ ತೊಂದರೆಯಾಗದ ಸೊಂಗ್‌ಕ್ರಾನ್ ಒಂದಿದೆ, ಅದು ಮನೆಯೊಳಗಿನದು. ಉತ್ತರದಲ್ಲಿ ಅದಕ್ಕೆ 'ಸೊಮ್ ಪೊಯ್' ನೀರು ಬೇಕು. ಸೊಮ್ ಪೊಯ್ ಎಂದರೆ ನಮ್ಮ ಸೀಗೆಕಾಯಿಯೇ. ಒಣಗಿದ ಕಾಯಿಗಳನ್ನು ಕೆಂಡದ ಮೇಲೆ ಘಮ ಬರುವವರೆಗೆ ಸುಟ್ಟು, ಮುರಿದು ನೀರಿಗೆ ಹಾಕಿ, ಕುಸುಬೆಯ ಒಣ ಹೂವೆಸಳು ಬೆರೆಸಿ ನೆನೆಯಲು ಬಿಡುತ್ತಾರೆ. ನೀರು ತೆಳು ಹಳದಿಗೆ ತಿರುಗುತ್ತದೆ. 'ದಮ್ ಹುವಾ' ಎಂದರೆ ತಲೆ ತೊಳೆಯುವುದು ಎಂದೇ ಅರ್ಥ, ಹಿಂದೆ ಹಿರಿಯರಿಗೆ ತಲೆಸ್ನಾನ ಮಾಡಿಸುತ್ತಿದ್ದ ನೆನಪು. ಈಗ ತಲೆಗೆ ಹಾಕುವುದಿಲ್ಲ, ಹಾಕಲೂಬಾರದು. ಹಿರಿಯರು ಕುರ್ಚಿಯಲ್ಲಿ ಕೂತು ಎರಡೂ ಅಂಗೈ ಜೋಡಿಸಿ ಪಾತ್ರೆಯ ಮೇಲೆ ಚಾಚುತ್ತಾರೆ. ನೀವು ಅವರ ತಲೆಗಿಂತ ತಗ್ಗಿನಲ್ಲಿ ಮಂಡಿಯೂರಿ, ಬೆಳ್ಳಿಯ ಬಟ್ಟಲಿನಿಂದ ಒಂದು ಸಣ್ಣ ಧಾರೆ ಬಿಡಬೇಕು. ಮಲ್ಲಿಗೆ ಮಾಲೆಯೋ ಹೊಸ ಪಂಚೆಯೋ ಕೈಗಿಟ್ಟು ನಮಸ್ಕರಿಸಬೇಕು. ಅವರು ಬೆರಳಲ್ಲಿ ಉಳಿದ ನೀರನ್ನು ನಿಮ್ಮ ನೆತ್ತಿಗೆ ಸವರಿ, ಈ ವರ್ಷ ಆರೋಗ್ಯವಾಗಿರು ಎಂದು ಹರಸುತ್ತಾರೆ. ಇಷ್ಟಕ್ಕೆ ಬೇಕಾಗುವುದು ಅರ್ಧ ಲೋಟ ನೀರು.